ಅಬ್ಬಾನ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲು: ಅರ್ಧವೋ, ಸೊನ್ನೆಯೋ?

ಪ್ರಶ್ನೆ: ನಾನು ಶಿಡ್ಲಘಟ್ಟದವಳು, ಮದುವೆಯಾಗಿ ಚಿಂತಾಮಣಿಯಲ್ಲಿದ್ದೇನೆ. ನಾವು ಸುನ್ನಿ ಮುಸ್ಲಿಮರು, ಹನಫಿ ಪಂಥದವರು. ಅಬ್ಬಾ ಹೋದ ವರ್ಷ ತೀರಿಕೊಂಡರು. ಪಟ್ಟಣದಲ್ಲಿ ಒಂದು ಮನೆ, ಮನೆಯ ಹಿಂದೆಯೇ ರೇಷ್ಮೆ ನೂಲು ಬಿಚ್ಚುವ ಫಿಲೇಚರ್, ಊರಾಚೆ 2 ಎಕರೆ ಹಿಪ್ಪುನೇರಳೆ ತೋಟ ಬಿಟ್ಟುಹೋಗಿದ್ದಾರೆ. ಅಮ್ಮಿ ಇದ್ದಾರೆ. ಇಬ್ಬರು ಅಣ್ಣಂದಿರು, ನಾವು ಮೂವರು ಹೆಣ್ಣುಮಕ್ಕಳು. ತೋಟಕ್ಕೆ ಪೌತಿ ಖಾತೆ ಮಾಡಿಸಬೇಕು ಎಂದು ದೊಡ್ಡ ಭಾಯಿ ನಮ್ಮ ಮೂವರಿಂದಲೂ ಖಾಲಿ ಸ್ಟಾಂಪ್ ಪೇಪರಿಗೆ ಸಹಿ ಕೇಳುತ್ತಿದ್ದಾರೆ. ‘ಜಮೀನಿನಲ್ಲಿ ಹೆಣ್ಣುಮಕ್ಕಳಿಗೆ ಪಾಲಿಲ್ಲ, ನಿಮ್ಮ ಪಾಲು ಮದುವೆಗೆ ಕೊಟ್ಟ ಜಹೇಜ್‌ನಲ್ಲೇ ಹೋಯಿತು, ಮನೆಯನ್ನು ಅಬ್ಬಾ ಆಸ್ಪತ್ರೆಯಲ್ಲೇ ನನಗೆ ಹಿಬಾ (ದಾನ) ಕೊಟ್ಟಿದ್ದಾರೆ’ ಎನ್ನುತ್ತಾರೆ. ಅಬ್ಬಾ ಆಸ್ಪತ್ರೆಗೆ ಸೇರಿ ಹನ್ನೆರಡನೇ ದಿನಕ್ಕೆ ತೀರಿಕೊಂಡರು. ನನ್ನ ಜೊತೆ ಓದಿದ ಪಕ್ಕದ ಮನೆಯ ಹಿಂದೂ ಗೆಳತಿಗೆ ಅವಳ ಅಣ್ಣನಷ್ಟೇ ಪಾಲು ಬಂತು. ನಮ್ಮಲ್ಲಿ ಗಂಡಿಗೆ ಎರಡು, ಹೆಣ್ಣಿಗೆ ಒಂದು ಎನ್ನುತ್ತಾರೆ. ಇದು ನ್ಯಾಯವೇ? ನಾನು ಪಾಲು ಕೇಳಿದರೆ ದೀನ್‌ಗೆ (ಧರ್ಮಕ್ಕೆ) ವಿರುದ್ಧವೇ? ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಭಯ ಬೇರೆ.

ಉತ್ತರ: ತಂಗಿ, ಮೊದಲು ಒಂದು ಮಾತು. ಆ ಖಾಲಿ ಪೇಪರಿಗೆ ಸಹಿ ಹಾಕಬೇಡಿ, ನಿಮ್ಮ ತಂಗಿಯರಿಗೂ ಹೇಳಿ. ಉಳಿದದ್ದನ್ನೆಲ್ಲ ನಿಧಾನವಾಗಿ ಯೋಚಿಸಬಹುದು, ಇದೊಂದನ್ನು ಮಾತ್ರ ಇವತ್ತೇ ತೀರ್ಮಾನಿಸಿ.

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿವೆ. ಶರೀಅತ್ ಕೊಡುವ ಪಾಲು ಸಮಾನವೇ ಎಂಬುದು ಒಂದು. ಶರೀಅತ್ ಕೊಟ್ಟಿರುವ ಪಾಲಾದರೂ ನಿಮ್ಮ ಕೈಗೆ ಬರುತ್ತದೆಯೇ ಎಂಬುದು ಇನ್ನೊಂದು. ಮೂವತ್ತು ವರ್ಷದಿಂದ ಈ ಭಾಗದ ನ್ಯಾಯಾಲಯಗಳಲ್ಲಿ ಮುಸ್ಲಿಂ ಮನೆತನಗಳ ಪಾಲು ದಾವೆಗಳನ್ನು ನಡೆಸಿದ್ದೇನೆ. ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯಲ್ಲೇ ಇದ್ದ ಕಾಲದಿಂದ. ನನ್ನ ಮುಂದೆ ಬಂದು ಕೂತ ಹೆಣ್ಣುಮಕ್ಕಳಲ್ಲಿ ‘ಅಣ್ಣನಿಗೆ ಎರಡು ಬಂತು, ನನಗೆ ಒಂದೇ ಬಂತು’ ಎಂದು ಅತ್ತವರು ಕಡಿಮೆ. ‘ನನಗೆ ಏನೂ ಬರಲಿಲ್ಲ’ ಎಂದವರೇ ಹೆಚ್ಚು. ಜಗಳ ನಡೆಯುತ್ತಿರುವುದು ಅರ್ಧಕ್ಕೂ ಪೂರ್ತಿಗೂ ನಡುವೆ ಅಲ್ಲ, ಅರ್ಧಕ್ಕೂ ಸೊನ್ನೆಗೂ ನಡುವೆ. ಆ ಸೊನ್ನೆಗೆ ಧರ್ಮದ ಹೆಸರು ಹಚ್ಚುತ್ತಾರಲ್ಲ, ನನಗೆ ನೋವಾಗುವುದು ಅಲ್ಲಿ.

ಕುರ್‌ಆನಿನ ನಾಲ್ಕನೇ ಅಧ್ಯಾಯ ಸೂರಾ ನಿಸಾ. ಅದರ 7ನೇ ಆಯತ್ತು (ವಚನ) ಏನು ಹೇಳುತ್ತದೆ? ತಂದೆತಾಯಿ, ಹತ್ತಿರದ ಬಂಧುಗಳು ಬಿಟ್ಟುಹೋದದ್ದರಲ್ಲಿ ಗಂಡಸರಿಗೂ ಪಾಲಿದೆ, ಹೆಂಗಸರಿಗೂ ಪಾಲಿದೆ. ಆಸ್ತಿ ಕಡಿಮೆಯಿರಲಿ, ಹೆಚ್ಚಿರಲಿ, ಅದು ಕಡ್ಡಾಯ ಮಾಡಿದ ಪಾಲು. ‘ಕಡಿಮೆಯಿರಲಿ, ಹೆಚ್ಚಿರಲಿ’ ಎಂಬ ಮಾತನ್ನು ಗಮನಿಸಿ. ಇರುವುದೇ ಎರಡು ಎಕರೆ, ಇದರಲ್ಲಿ ಹೆಣ್ಣುಮಕ್ಕಳಿಗೆ ಎಲ್ಲಿಂದ ಕೊಡೋಣ ಎಂಬ ಮಾತಿಗೆ ಉತ್ತರ ಅಲ್ಲೇ ಇದೆ. 11 ಮತ್ತು 12ನೇ ಆಯತ್ತುಗಳು ಯಾರಿಗೆಷ್ಟು ಎಂದು ಲೆಕ್ಕ ಹಾಕಿ ಕೊಡುತ್ತವೆ. 13 ಮತ್ತು 14 ಇವು ಅಲ್ಲಾಹನು ಹಾಕಿದ ಎಲ್ಲೆಗಳು, ದಾಟಬೇಡಿ ಎನ್ನುತ್ತವೆ. ನಮಾಜು ಎಷ್ಟು ರಕಾತ್ ಎಂಬ ಎಣಿಕೆ ಕುರ್‌ಆನಿನಲ್ಲಿ ಇಲ್ಲ, ಅದನ್ನು ಹದೀಸಿನಿಂದ, ಅಂದರೆ ಪ್ರವಾದಿಯವರ ನಡೆನುಡಿಯ ದಾಖಲೆಯಿಂದ, ತಿಳಿಯುತ್ತೇವೆ. ಆದರೆ ಮಗಳಿಗೆ ಎಷ್ಟು ಪಾಲು ಎಂಬ ಎಣಿಕೆ ಕುರ್‌ಆನಿನಲ್ಲೇ ಇದೆ.

ಇನ್ನು ಹದೀಸಿನಿಂದ. ಉಹುದ್ ಯುದ್ಧದಲ್ಲಿ ಸಅದ್ ಬಿನ್ ರಬೀ ಎಂಬವರು ಹುತಾತ್ಮರಾದರು. ಅವರ ಹೆಂಡತಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿಯವರ ಬಳಿ ಬಂದು, ಮಕ್ಕಳ ಚಿಕ್ಕಪ್ಪ ಆಸ್ತಿಯನ್ನೆಲ್ಲ ತೆಗೆದುಕೊಂಡುಬಿಟ್ಟ, ಹಣವಿಲ್ಲದೆ ಇವರ ಮದುವೆ ಹೇಗೆ ಆದೀತು ಎಂದು ದೂರಿಟ್ಟರು. ಪಾಲಿನ ಆಯತ್ತು ಇಳಿದದ್ದು ಆಗ. ಪ್ರವಾದಿಯವರು ಆ ಚಿಕ್ಕಪ್ಪನನ್ನು ಕರೆಸಿ, ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು ಭಾಗ, ಅವರ ತಾಯಿಗೆ ಎಂಟರಲ್ಲಿ ಒಂದು ಭಾಗ ಕೊಡು, ಉಳಿದದ್ದು ನಿನ್ನದು ಎಂದರು. ಪಾಲು ಕೇಳಿದ ಆ ತಾಯಿಗೆ ಯಾರೂ ‘ದೀನ್‌ಗೆ ವಿರುದ್ಧ’ ಎನ್ನಲಿಲ್ಲ. ನಿಮಗೂ ಯಾರೂ ಹಾಗೆನ್ನಲು ಬರುವುದಿಲ್ಲ.

ಈಗ ನಿಮ್ಮ ಮನೆಯ ಲೆಕ್ಕ. ಮೊದಲು ದಫನ್ (ಮಣ್ಣು ಮಾಡುವ) ಖರ್ಚು, ಆಮೇಲೆ ಸಾಲ, ಆಮೇಲೆ ವಸಿಯತ್ (ಉಯಿಲು) ಏನಾದರೂ ಇದ್ದರೆ ಅದು, ಉಳಿದದ್ದು ವಾರಸುದಾರರಿಗೆ. ಸಾಲ ಎಂದಾಗ ಫಿಲೇಚರ್‌ನ ಬ್ಯಾಂಕ್ ಸಾಲ, ಗೂಡು ತಂದ ಬಾಕಿ ಮಾತ್ರ ನೆನಪಾಗುತ್ತದೆ. ಅಮ್ಮಿಯ ಮಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದದ್ದು) ಅಬ್ಬಾ ಕೊಡದೆ ಹೋಗಿದ್ದರೆ ಅದೂ ಸಾಲವೇ, ಪಾಲಿಗಿಂತ ಮುಂಚೆ ತೀರಬೇಕಾದದ್ದು. ಇದನ್ನು ಯಾರೂ ಕೇಳುವುದಿಲ್ಲ. ಅಮ್ಮಂದಿರು ತಾವಾಗಿ ಹೇಳುವುದಿಲ್ಲ.

ಉಳಿದದ್ದನ್ನು ಎಂಟು ಭಾಗ ಮಾಡಿ. ಮಕ್ಕಳಿರುವುದರಿಂದ ಅಮ್ಮಿಗೆ ಎಂಟರಲ್ಲಿ ಒಂದು. ಮಿಕ್ಕ ಏಳು ಭಾಗದಲ್ಲಿ ಗಂಡಿಗೆ ಎರಡು, ಹೆಣ್ಣಿಗೆ ಒಂದರಂತೆ: ಇಬ್ಬರು ಅಣ್ಣಂದಿರಿಗೆ ಎರಡೆರಡು, ನಿಮ್ಮ ಮೂವರಿಗೆ ಒಂದೊಂದು. ಎರಡು ಎಕರೆ ಎಂದರೆ 80 ಗುಂಟೆ. ಅಮ್ಮಿಗೆ 10, ನಿಮಗೆ ತಲಾ 10, ಅಣ್ಣಂದಿರಿಗೆ ತಲಾ 20. ಮನೆ, ಫಿಲೇಚರ್ ಶೆಡ್ಡು, ಯಂತ್ರ, ಅಬ್ಬಾ ತೀರಿಕೊಂಡ ದಿನ ದಾಸ್ತಾನಿದ್ದ ನೂಲು, ಬ್ಯಾಂಕಿನಲ್ಲಿದ್ದ ಹಣ, ಎಲ್ಲಕ್ಕೂ ಇದೇ ಲೆಕ್ಕ. ಅಬ್ಬಾ ಕಣ್ಣು ಮುಚ್ಚಿದ ಕ್ಷಣದಲ್ಲೇ ಆ ಎಂಟನೇ ಒಂದು ಭಾಗ ನಿಮ್ಮದಾಯಿತು. ಖಾತೆಯಲ್ಲಿ ಯಾರ ಹೆಸರಿದ್ದರೂ ಸರಿ.

ಅಣ್ಣಂದಿರ ಮೂರು ಮಾತುಗಳಿಗೆ ಬರೋಣ.

‘ಜಮೀನಿನಲ್ಲಿ ಹೆಣ್ಣುಮಕ್ಕಳಿಗೆ ಪಾಲಿಲ್ಲ’ ಎಂಬ ಮಾತು ಎಲ್ಲಿಂದ ಹುಟ್ಟಿತು ಎಂದು ಹೇಳುತ್ತೇನೆ. 1937ರ ಶರೀಅತ್ ಅನ್ವಯ ಕಾಯ್ದೆ ಬಂದಾಗ ಅದರ ಎರಡನೇ ಕಲಮಿನಲ್ಲಿ ‘ಕೃಷಿ ಜಮೀನಿನ ವಿಚಾರ ಬಿಟ್ಟು’ ಎಂಬ ಮಾತು ಸೇರಿತು. ರೂಢಿ, ಪದ್ಧತಿ ಏನೇ ಇದ್ದರೂ ಶರೀಅತ್ತೇ ನಡೆಯಬೇಕು ಎಂಬ ಕಟ್ಟಪ್ಪಣೆಯಿಂದ ಕೃಷಿ ಜಮೀನನ್ನು ಹೊರಗಿಟ್ಟರು, ಅಷ್ಟೆ. ಮದ್ರಾಸಿನವರು 1949ರಲ್ಲಿ ತಿದ್ದುಪಡಿ ತಂದು ಆ ಮಾತನ್ನೇ ತೆಗೆದರು. ಆ ಮಾತು ಉಳಿದ ಕಡೆಯೂ ಅದರರ್ಥ ಮಗಳಿಗೆ ಪಾಲಿಲ್ಲ ಎಂದಲ್ಲ. ಮಗಳನ್ನು ಹೊರಗಿಡುವ ರೂಢಿ ನಮ್ಮ ಮನೆತನದಲ್ಲಿ ಹಿಂದಿನಿಂದ ಬಿಡದೆ ನಡೆದುಬಂದಿದೆ ಎಂದು ಯಾರು ಹೇಳುತ್ತಾರೋ ಅವರೇ ಸಾಕ್ಷಿ ಸಮೇತ ಸಾಬೀತು ಮಾಡಬೇಕು. ಮಾಡದಿದ್ದರೆ ಶರೀಅತ್ತಿನ ಪಾಲೇ ನಡೆಯುತ್ತದೆ. ಒಂದು ಎಚ್ಚರಿಕೆ ಮಾತ್ರ: ನಿಮ್ಮ ತೋಟ ಅಬ್ಬಾನ ಕ್ರಯದ ಜಮೀನೋ, ಮಂಜೂರಾದದ್ದೋ, ಗೇಣಿಯಿಂದ ಬಂದದ್ದೋ ಎಂಬುದನ್ನು ಕಾಗದ ನೋಡಿ ಖಚಿತ ಮಾಡಿಕೊಳ್ಳಿ. ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂದು ಊರಿನವರು ಕೇಳುತ್ತಾರೆ. ಆ ಭೇದ ನಮ್ಮ ಕಾನೂನಿನಲ್ಲಿಲ್ಲ. ಹುಟ್ಟಿನಿಂದ ಬರುವ ಹಕ್ಕು ಮಗನಿಗೂ ಇಲ್ಲ, ಮಗಳಿಗೂ ಇಲ್ಲ; ಇಬ್ಬರಿಗೂ ತಂದೆ ತೀರಿಕೊಂಡ ಮೇಲೆಯೇ.

‘ಜಹೇಜ್‌ನಲ್ಲಿ ಹೋಯಿತು’ ಎಂಬುದು ಎಲ್ಲ ಮನೆಯಲ್ಲೂ ಕೇಳುವ ಮಾತು. ತಂದೆ ಬದುಕಿರುವಾಗ ಮಕ್ಕಳಿಗೆ ಆಸ್ತಿಯಲ್ಲಿ ಇನ್ನೂ ಹಕ್ಕೇ ಹುಟ್ಟಿರುವುದಿಲ್ಲ, ಹುಟ್ಟದ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ. ಹಾಗಾಗಿ ಮದುವೆಯ ಒಡವೆ, ಪಾತ್ರೆ, ಮಂಚಕ್ಕೆ ಪಾಲು ವಜಾ ಆಗುವುದಿಲ್ಲ. ಅಣ್ಣಂದಿರ ಮದುವೆಗೂ ಅಬ್ಬಾ ಖರ್ಚು ಮಾಡಿದ್ದಾರಲ್ಲ, ಅದನ್ನು ಯಾರೂ ಪಾಲಿನಲ್ಲಿ ಕಳೆಯುತ್ತಿಲ್ಲ. ಆದರೆ ಇಲ್ಲೊಂದು ಅಪಾಯವಿದೆ. ‘ಇಷ್ಟು ಹಣ ಪಡೆದಿದ್ದೇನೆ, ಮುಂದೆ ಅಬ್ಬಾನ ಆಸ್ತಿಯಲ್ಲಿ ಪಾಲು ಕೇಳುವುದಿಲ್ಲ’ ಎಂದು ನೀವು ಎಂದಾದರೂ ಬರೆದುಕೊಟ್ಟು, ಅದಕ್ಕೆ ಪ್ರತಿಯಾಗಿ ಹಣ ನಿಜವಾಗಿಯೂ ಪಡೆದಿದ್ದರೆ, ಆ ಮಾತಿಗೆ ನಿಮ್ಮನ್ನು ಕಟ್ಟಿಹಾಕಬಹುದು ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ. ಮದುವೆಯ ಸಮಯದಲ್ಲಿ ಏನಾದರೂ ಕಾಗದಕ್ಕೆ ಸಹಿ ಹಾಕಿದ್ದೀರಾ? ನೆನಪಿಸಿಕೊಳ್ಳಿ. ನಿಮ್ಮ ವಕೀಲರಿಂದ ಅದನ್ನು ಮುಚ್ಚಿಡಬೇಡಿ.

ಮೂರನೆಯದು ಹಿಬಾ. ಇದನ್ನು ಸುಳ್ಳು ಎಂದು ತಳ್ಳಿಹಾಕಲಾರೆ, ಏಕೆಂದರೆ ಬಾಯಿಮಾತಿನ ಹಿಬಾ ನಮ್ಮಲ್ಲಿ ನಿಜಕ್ಕೂ ನಡೆಯುತ್ತದೆ. ಬರಹ ಬೇಕಿಲ್ಲ, ನೋಂದಣಿ ಬೇಕಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಎತ್ತಿಹಿಡಿದಿದೆ. ಆದರೆ ಮೂರು ಸಂಗತಿ ನಡೆದಿರಬೇಕು: ಕೊಟ್ಟೆ ಎಂದು ಅಬ್ಬಾ ಸ್ಪಷ್ಟವಾಗಿ ಹೇಳಿರಬೇಕು, ಅಣ್ಣ ಒಪ್ಪಿರಬೇಕು, ಮನೆಯ ಸ್ವಾಧೀನ ಕೈ ಬದಲಾಗಿರಬೇಕು. ಮೂರನ್ನೂ ಸಾಬೀತು ಮಾಡಬೇಕಾದವರು ಅಣ್ಣ. ನಗರಸಭೆಯಲ್ಲಿ ಖಾತೆ ಯಾರ ಹೆಸರಲ್ಲಿತ್ತು, ಕಂದಾಯ ಯಾರು ಕಟ್ಟುತ್ತಿದ್ದರು, ಬಾಡಿಗೆ ಇದ್ದರೆ ಯಾರ ಕೈಗೆ ಹೋಗುತ್ತಿತ್ತು ಎಂದು ನ್ಯಾಯಾಲಯ ನೋಡುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಆ ಹನ್ನೆರಡು ದಿನ. ಸಾವಿನ ಕಾಯಿಲೆಯಲ್ಲಿ, ಇನ್ನು ಬದುಕುವುದಿಲ್ಲ ಎಂಬ ಭಯದಲ್ಲಿ ಕೊಟ್ಟದ್ದನ್ನು ಇಸ್ಲಾಮಿ ಧರ್ಮಶಾಸ್ತ್ರವಾದ ಫಿಖ್ಹ್‌ನಲ್ಲಿ ಮರ್ಜುಲ್ ಮೌತ್‌ನ ಹಿಬಾ ಎನ್ನುತ್ತಾರೆ. ಅದನ್ನು ವಸಿಯತ್ತಿನಂತೆಯೇ ಅಳೆಯಬೇಕು. ವಾರಸುದಾರನ ಪರವಾಗಿ ವಸಿಯತ್ ಇಲ್ಲ ಎಂಬುದು ಪ್ರವಾದಿಯವರ ಮಾತು. ಹನಫಿ ನಿಯಮದಲ್ಲಿ ಉಳಿದ ವಾರಸುದಾರರು ಒಪ್ಪಿದರೆ ಮಾತ್ರ ಅದು ನಿಲ್ಲುತ್ತದೆ. ನೀವು ಒಪ್ಪದಿದ್ದರೆ ನಿಮ್ಮ ಪಾಲಿನ ಮಟ್ಟಿಗೆ ಅದು ನಿಲ್ಲುವುದಿಲ್ಲ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಕೇಸ್ ಶೀಟಿನ ಪ್ರತಿಗಳನ್ನು ಇಂದೇ ತೆಗೆದಿಟ್ಟುಕೊಳ್ಳಿ.

ಇನ್ನು ನಿಮ್ಮ ಆಳದ ಪ್ರಶ್ನೆ. ಒಂದಕ್ಕೆ ಎರಡು, ಇದು ನ್ಯಾಯವೇ?

ಆಲಿಮ್‌ಗಳು (ಧರ್ಮ ಪಂಡಿತರು) ಕೊಡುವ ಉತ್ತರ ನಿಮಗೆ ಗೊತ್ತಿರಬಹುದು. ಹೆಂಡತಿ, ಮಕ್ಕಳು, ಮದುವೆಯಾಗದ ತಂಗಿಯರು, ವಯಸ್ಸಾದ ತಾಯಿ, ಇವರನ್ನೆಲ್ಲ ಸಾಕುವ ನಫಖಾ ಹೊಣೆ ಗಂಡಿನ ಮೇಲೆ. ಹೆಣ್ಣಿನ ಮಹರ್, ಆಸ್ತಿ, ದುಡಿಮೆ ಅವಳೊಬ್ಬಳದೇ, ಗಂಡನಿಗೆ ಅದರಲ್ಲಿ ಹಕ್ಕಿಲ್ಲ. ಹೊಣೆ ಹೆಚ್ಚಿದ್ದವನಿಗೆ ಪಾಲು ಹೆಚ್ಚು. ಇದರಲ್ಲಿ ಸತ್ವವಿದೆ. ಹೆಣ್ಣಿಗೆ ಎಲ್ಲ ಕಡೆಯೂ ಅರ್ಧವೇ ಎಂಬುದೂ ನಿಜವಲ್ಲ. ಮಗ ಇದ್ದು ತೀರಿಕೊಂಡವನ ತಾಯಿ, ತಂದೆ ಇಬ್ಬರಿಗೂ ಆರರಲ್ಲಿ ಒಂದೊಂದು, ಸರಿಸಮ. ತಾಯಿ ಒಬ್ಬಳೇ ಆಗಿ ತಂದೆ ಬೇರೆಯಾದ ಅಣ್ಣತಂಗಿಯರಿಗೆ ಪಾಲು ಬಂದರೆ ಅಲ್ಲೂ ಸಮಾನ.

ಆದರೆ ಅರ್ಧವೂ ಪೂರ್ತಿಯೂ ಒಂದೇ ಎಂದು ನಿಮ್ಮನ್ನು ಸಮಾಧಾನಪಡಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ವಾದ ನಿಂತಿರುವುದು ನಫಖಾ ಎಂಬ ಕಂಬದ ಮೇಲೆ. ಶಿಡ್ಲಘಟ್ಟದ ಫಿಲೇಚರ್‌ಗಳಿಗೆ ಹೋಗಿ ನೋಡಿದವರಿಗೆ ಗೊತ್ತು, ಕುದಿಯುವ ನೀರಿನ ಬೇಸಿನ್ ಮುಂದೆ ಕೂತು, ಬೆರಳು ಬೆಂದು ಬಿಳಿಚಿಕೊಂಡು, ಎಳೆ ಹುಡುಕುತ್ತಾ ಸಂಸಾರ ನಡೆಸುವವರಲ್ಲಿ ಹೆಂಗಸರು ಎಷ್ಟು ಮಂದಿ ಎಂದು. ತಲಾಖ್ ಆಗಿ ತವರಿಗೆ ಬಂದ ತಂಗಿಯನ್ನು ಸಾಕದ ಅಣ್ಣ ಎರಡು ಪಾಲು ತೆಗೆದುಕೊಂಡರೆ ಹೊಣೆ ಬಿಟ್ಟುಹೋಯಿತು, ಹೆಚ್ಚುವರಿ ಪಾಲು ಮಾತ್ರ ಉಳಿಯಿತು. ಇದನ್ನು ಕೇಳುವ ಹಕ್ಕು ನಿಮಗಿದೆ. ನ್ಯಾಯಕ್ಕೆ ಗಟ್ಟಿಯಾಗಿ ನಿಲ್ಲಿ, ಅದು ನಿಮ್ಮ ವಿರುದ್ಧ, ತಂದೆತಾಯಿ, ಬಂಧುಗಳ ವಿರುದ್ಧ ಹೋದರೂ ಸರಿ ಎಂದು ಅದೇ ಸೂರಾ ನಿಸಾದ 135ನೇ ಆಯತ್ತು ಹೇಳುತ್ತದೆ.

ಸಮಾನತೆಗೆ ದಾರಿ ಶರೀಅತ್ತಿನ ಒಳಗೂ ಇದೆ. ಅಬ್ಬಾ ಬದುಕಿದ್ದಾಗ ಮಕ್ಕಳಿಗೆಲ್ಲ ಸರಿಸಮವಾಗಿ ಹಿಬಾ ಕೊಡಬಹುದಿತ್ತು. ನುಅಮಾನ್ ಬಿನ್ ಬಶೀರ್ ಅವರ ತಂದೆ ಒಬ್ಬ ಮಗನಿಗೆ ಮಾತ್ರ ಉಡುಗೊರೆ ಕೊಟ್ಟು ಸಾಕ್ಷಿಯಾಗಿ ಎಂದಾಗ, ಎಲ್ಲ ಮಕ್ಕಳಿಗೂ ಹೀಗೇ ಕೊಟ್ಟಿದ್ದೀಯಾ ಎಂದು ಕೇಳಿ, ಮಕ್ಕಳ ನಡುವೆ ನ್ಯಾಯವಾಗಿರು ಎಂದು ಪ್ರವಾದಿಯವರು ಸಾಕ್ಷಿ ನಿಲ್ಲಲು ಒಪ್ಪಲಿಲ್ಲ. ನಿಮ್ಮ ದೊಡ್ಡ ಭಾಯಿಗೆ ಈ ಹದೀಸನ್ನು ನೆನಪಿಸುವುದರಲ್ಲಿ ತಪ್ಪೇನಿಲ್ಲ. ತಂದೆ ಹೋದ ಮೇಲೂ ಎಲ್ಲ ವಾರಸುದಾರರು ರಾಜಿಯಾಗಿ ಸಮಾನವಾಗಿ ಹಂಚಿಕೊಂಡರೆ ಅದಕ್ಕೆ ಅಡ್ಡಿ ಯಾವುದೂ ಇಲ್ಲ. ಅಂಥ ಪಾಲು ಪತ್ರಗಳನ್ನು ನಾನೇ ಬರೆಸಿದ್ದೇನೆ, ಕೆಲವೇ ಕೆಲವು.

ನಿಮ್ಮ ಗೆಳತಿಯದು ಬೇರೆ ಕಾನೂನು. ಅವಳಿಗೂ ಅದು ಸುಲಭಕ್ಕೆ ಸಿಕ್ಕಿದ್ದಲ್ಲ. ಕರ್ನಾಟಕ 1994ರಲ್ಲಿ ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಮಾತ್ರ ಕೂಡುಕುಟುಂಬದ ಆಸ್ತಿಯಲ್ಲಿ ಹಕ್ಕು ಕೊಟ್ಟಿತು, 2005ರ ಕೇಂದ್ರದ ತಿದ್ದುಪಡಿಯ ಮೇಲೆ ಎಲ್ಲರಿಗೂ ಬಂತು, ಅದರ ಗೊಂದಲ ತೀರಲು 2020ರ ಸುಪ್ರೀಂ ಕೋರ್ಟ್ ತೀರ್ಪು ಬೇಕಾಯಿತು. ನಮ್ಮ ವೈಯಕ್ತಿಕ ಕಾನೂನಿನ ಬಗ್ಗೆಯೂ ದೊಡ್ಡ ಚರ್ಚೆ ನಡೆಯುತ್ತಿದೆ. ನಿಮ್ಮ 10 ಗುಂಟೆಗೆ ಅದು ಮುಗಿಯುವವರೆಗೆ ಕಾಯಬೇಡಿ. (ಹೆಣ್ಣುಮಕ್ಕಳು ಮಾತ್ರ ಇರುವ ತಂದೆತಾಯಂದಿರು ಓದುತ್ತಿದ್ದರೆ ಒಂದು ಮಾತು: ಸುನ್ನಿ ನಿಯಮದಲ್ಲಿ ಉಳಿಕೆ ಪಾಲು ನಿಮ್ಮ ಅಣ್ಣತಮ್ಮಂದಿರ ಕಡೆಗೆ ಹೋಗಬಹುದು. ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಶಿಯಾ ಮನೆಗಳಲ್ಲಿ ಹಾಗಿಲ್ಲ, ಅಲ್ಲಿ ಮಗಳಿದ್ದರೆ ಚಿಕ್ಕಪ್ಪನಿಗೆ ಪಾಲು ಬರುವುದಿಲ್ಲ. ನೀವು ಬದುಕಿರುವಾಗಲೇ ಹಿಬಾ ಕೊಡಿ. ಇಲ್ಲವೇ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯನ್ನು ನೋಂದಾಯಿಸಿ. ಆಗ ಆಸ್ತಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಹೋಗುತ್ತದೆ. 2023ರಲ್ಲಿ ಕೇರಳದ ಒಂದು ದಂಪತಿ ಮೂವರು ಹೆಣ್ಣುಮಕ್ಕಳಿಗಾಗಿ ಮಾಡಿದ್ದು ಇದನ್ನೇ.)

ಈಗ ಏನು ಮಾಡಬಹುದು ಎಂಬ ಮಾತು. ನಾನಾಗಿದ್ದರೆ ಮೊದಲು ಮನೆಯಲ್ಲೇ ಕೂತು ಮಾತಾಡುತ್ತೇನೆ. ಅಮ್ಮಿಯ ಎದುರಿಗೆ, ಅಣ್ಣಂದಿರು ಗೌರವಿಸುವ ಒಬ್ಬ ಹಿರಿಯರನ್ನೋ ಮಸೀದಿಯ ಹಜ್ರತ್‌ರನ್ನೋ ಕರೆದು. ಜಮಾತಿನ ಮಾತಿಗೆ ಬೆಲೆಯಿದೆ, ಆದರೆ ಅದು ಕಾನೂನಿನ ಆದೇಶವಲ್ಲ. ಫತ್ವಾ ಯಾರನ್ನೂ ಕಟ್ಟಿಹಾಕುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ತಂಗಿಯರು ಕ್ಷಮಿಸಿಬಿಡಲಿ’ ಎಂದು ಅಲ್ಲಿ ಒತ್ತಡ ಬಂದರೆ ಎದ್ದು ಬನ್ನಿ. ಒಪ್ಪಂದವಾದರೆ ಪಾಲು ಪತ್ರ ಬರೆಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಬಾಯಿಮಾತಿಗೆ ಬಿಟ್ಟರೆ ಅಣ್ಣನ ಮಾತು ಅಣ್ಣನ ಮಕ್ಕಳಿಗೆ ಕೇಳಿಸುವುದಿಲ್ಲ.

ಫಿಲೇಚರ್ ಒಡೆದರೆ ಯಾರಿಗೂ ಲಾಭವಿಲ್ಲ ಎಂದು ಅಣ್ಣಂದಿರು ಹೇಳಿದರೆ ಅದರಲ್ಲಿ ನ್ಯಾಯವಿದೆ. ನಿಮ್ಮ ಪಾಲಿಗೆ ಹಣ ಪಡೆದು ಬಿಟ್ಟುಕೊಡಬಹುದು. ಬೆಲೆ ಕಟ್ಟುವಾಗ ಮಾರ್ಗಸೂಚಿ ಬೆಲೆ ನೋಡಿ ಸುಮ್ಮನಾಗಬೇಡಿ, ಅಕ್ಕಪಕ್ಕದಲ್ಲಿ ನಿಜವಾಗಿ ಮಾರಾಟವಾದ ದರ ವಿಚಾರಿಸಿ. ಹಣ ಬ್ಯಾಂಕ್ ಮೂಲಕ ಬರಲಿ, ಅದು ಕೈಸೇರಿದ ದಿನವೇ ಹಕ್ಕು ಖುಲಾಸೆ ಪತ್ರ ನೋಂದಣಿಯಾಗಲಿ, ಮುಂಚೆ ಬೇಡ. ‘ಮುಂದಿನ ವರ್ಷ ಕೊಡುತ್ತೇನೆ’ ಎಂಬ ಮಾತಿನ ಮೇಲೆ ಸಹಿ ಹಾಕಿದವರ ಕಡತಗಳು ನನ್ನ ಬೀರುವಿನಲ್ಲಿ ಇನ್ನೂ ಇವೆ.

ಮಾತು ಮುರಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ದಾವೆ ಹೂಡುವ ಮುಂಚೆಯೇ ಅಣ್ಣಂದಿರನ್ನು ಕರೆಸಿ ರಾಜಿಗೆ ಕೂರಿಸುತ್ತಾರೆ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ನ್ಯಾಯಾಲಯದ ಡಿಕ್ರಿಯ (ತೀರ್ಪಿನ) ಬಲವಿದೆ, ಮೇಲ್ಮನವಿ ಇಲ್ಲ. ಹಾಗಾಗಿ ಅಲ್ಲೂ ಓದಿಸಿಕೊಂಡು, ಅರ್ಥ ಮಾಡಿಕೊಂಡೇ ಸಹಿ ಹಾಕಿ.

ಕೊನೆಯ ದಾರಿ ಪಾಲು ದಾವೆ. ನಿಮ್ಮ ಸಂಗತಿಯಲ್ಲಿ ಹಕ್ಕು ಬಲವಾಗಿದೆ, ಆದರೆ ದಾರಿ ಉದ್ದ. ಮೊದಲ ಡಿಕ್ರಿ ನಿಮ್ಮ ಪಾಲು ಇಷ್ಟು ಎನ್ನುತ್ತದೆ; ಕಮಿಷನರ್ ಬಂದು ಅಳೆದು, ಅಂತಿಮ ಡಿಕ್ರಿಯಾಗಿ, ನೆಲ ಕೈಗೆ ಬರುವಷ್ಟರಲ್ಲಿ ವರ್ಷಗಳು ಉರುಳುತ್ತವೆ. ಆ ನಡುವೆ ಮಾರಾಟ ಮಾಡದಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳಬಹುದು. ಸಹವಾರಸುದಾರರೊಬ್ಬರ ಸ್ವಾಧೀನ ಎಲ್ಲರ ಪರವಾದ ಸ್ವಾಧೀನ ಎಂಬುದು ನಿಯಮ. ಆದರೆ ‘ನಿನಗೆ ಹಕ್ಕೇ ಇಲ್ಲ’ ಎಂದು ಬಹಿರಂಗವಾಗಿ ಹೊರಗಿಟ್ಟರೆ ಆ ದಿನದಿಂದ 12 ವರ್ಷದ ಎಣಿಕೆ ಶುರುವಾಗಬಹುದು. ಹಕ್ಕಿಲ್ಲ ಎಂದು ಅವರು ಈಗಾಗಲೇ ಹೇಳಿಬಿಟ್ಟಿದ್ದಾರೆ. ಸಂಬಂಧ ಸರಿಹೋಗಲಿ ಎಂದು ಕಾಯುತ್ತಾ ಅವಧಿ ಕಳೆದುಕೊಂಡವರಿದ್ದಾರೆ.

ತವರಿನ ಬಾಗಿಲು ಮುಚ್ಚುತ್ತದೆಯೇ? ಕೆಲವೊಮ್ಮೆ ಮುಚ್ಚುತ್ತದೆ, ನಿಮಗೆ ಸುಳ್ಳು ಹೇಳಲಾರೆ. ಪಾಲು ಕೇಳಿದ ವರ್ಷ ರಮ್ಜಾನ್ ಈದ್‌ಗೆ ಕರೆ ಬರದೆ ಹೋದ ಮನೆಗಳನ್ನು ನೋಡಿದ್ದೇನೆ. ಪಾಲು ಬಿಟ್ಟುಕೊಟ್ಟ ಮೇಲೂ ಅಣ್ಣನ ಮನೆಯಲ್ಲಿ ಅತಿಥಿಯಂತೆ ನಿಂತ ಹೆಣ್ಣುಮಕ್ಕಳನ್ನೂ ನೋಡಿದ್ದೇನೆ. ಬಿಟ್ಟುಕೊಡುವುದೂ ನಿಮ್ಮ ಹಕ್ಕೇ. ಬೇಕಿದ್ದರೆ ನಿಮ್ಮ ಭಾಗವನ್ನು ಅಮ್ಮಿಗೋ, ಕಷ್ಟದಲ್ಲಿರುವ ತಂಗಿಗೋ, ಅಣ್ಣನಿಗೇ ಕೂಡ ಕೊಡಬಹುದು. ಆದರೆ ಮೊದಲು ನಿಮ್ಮ ಹೆಸರಿಗೆ ಬರಲಿ, ಆಮೇಲೆ ಮನಸ್ಸಾರೆ ಕೊಡಿ.

ಈ ವಾರದ ಕೆಲಸ ಇಷ್ಟು. ಅಬ್ಬಾನ ಮರಣ ಪತ್ರ, ತೋಟದ ಪಹಣಿ, ಮನೆಯ ಖಾತೆ, ಋಣಭಾರ ಪ್ರಮಾಣಪತ್ರ ತೆಗೆಸಿ. ನಾಡಕಚೇರಿಯಲ್ಲಿ ಪೌತಿ ಖಾತೆಗೆ ಈಗಾಗಲೇ ಅರ್ಜಿ ಬಿದ್ದಿದೆಯೇ, ವಂಶವೃಕ್ಷದಲ್ಲಿ ನಿಮ್ಮ ಮೂವರ ಹೆಸರಿದೆಯೇ ಎಂದು ನೋಡಿ. ಇಲ್ಲದಿದ್ದರೆ ನೋಟಿಸಿನಲ್ಲಿ ಹೇಳಿದ ಅವಧಿಯೊಳಗೆ ಬರಹದಲ್ಲಿ ತಕರಾರು ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಅವಧಿ ಮೀರಿದ್ದರೂ ಗಾಬರಿ ಬೇಡ. ಉಪವಿಭಾಗಾಧಿಕಾರಿಗೆ ಮೇಲ್ಮನವಿ ಇದೆ, ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಬರುವುದಿಲ್ಲ. ತಕರಾರು ಅರ್ಜಿಯಲ್ಲಿ ನಿಮ್ಮ ಮೂವರ ಸಹಿಯ ಕೆಳಗೆ ಅಮ್ಮಿಯ ಹೆಸರಿಗೂ ಒಂದು ಸಾಲು ಬಿಡಿ. ಎಂಟರಲ್ಲಿ ಒಂದು ಅವರದೂ ಇದೆ, ಅದನ್ನು ಅವರಿಗೆ ಇದುವರೆಗೆ ಯಾರೂ ಹೇಳಿರಲಾರರು.